ಗುರುವಾರದ ಕುರ್ಚಿ

ಹಳೆಯ ಗರಿ ಕೇಳಲು ಬಂದ ಉಪದೇಶಿ ಸಾಬಣ್ಣ, ಚಹಾ ಕಪ್ಪಿನ ತಳದ ಸಕ್ಕರೆಯನ್ನು ಬೆರಳಿನಿಂದ ಬಳಿದು ಮುಗಿಸುವ ತನಕ ಬಂದ ವಿಷಯ ಎತ್ತಲಿಲ್ಲ.

ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಈಚಲ ಗರಿಗಳು ವಾಡಿಯ ಕಥೋಲಿಕರ ಮನೆಗಳಲ್ಲಿ ವರ್ಷವಿಡೀ ಮಾತೆಯ ಪಟದ ಹಿಂದೆ ಒಣಗುತ್ತಿರುತ್ತವೆ. ಮರುವರ್ಷ ತಪಸ್ಸುಕಾಲ ಶುರುವಾಗುವ ಮುಂದೆ ಅವನ್ನು ಕೂಡಿಸಿ ಸುಟ್ಟು, ಬೂದಿ ಬುಧವಾರ ಆ ಬೂದಿಯನ್ನೇ ಮಂದಿಯ ಹಣೆಗಿಡುತ್ತಾರೆ. ತೆರೇಸಮ್ಮ ಪಟದ ಹಿಂದಿನಿಂದ ಗರಿ ಎಳೆದು, ಸೆರಗಿನಿಂದ ಜೇಡರ ಬಲೆ ಒರೆಸಿ ಸಾಬಣ್ಣನ ಕೈಗಿಟ್ಟಳು. ಹೊರಸಿನ ಮೇಲೆ ಕೂತಿದ್ದ ಅವಳ ಗಂಡ ಜೋಜಪ್ಪ, ಮೊಣಕಾಲ ಕೆಳಗೆ ಮಡಚಿ ಪಿನ್ನು ಹಾಕಿದ್ದ ಪೈಜಾಮಾದ ಬಲಗಾಲನ್ನು ಸರಿಮಾಡಿಕೊಂಡ.

"ಜೋಜಪ್ಪಣ್ಣ, ಈ ಸಲ ಗುರುವಾರದ ಕುರ್ಚಿ..." ಸಾಬಣ್ಣ ಗರಿಗಳನ್ನೇ ನೋಡುತ್ತ ಹೇಳಿದ, "ಚರ್ಚ್ ಕಮಿಟಿಯವರು ಬ್ಯಾರೆಯವರಿಗಿ ಕೊಡಬೇಕಂತಾರ."

ಹೊಸ್ತಿಲಲ್ಲಿ ಕೂತು ಮೊಣಕೈಗಂಟಿದ ಕಲ್ಲಿನ ಪುಡಿ ಕೆರೆಯುತ್ತಿದ್ದ ಕಿರಿಮಗ ಇನ್ನಾಸ ತಲೆ ಎತ್ತಿದ. "ಯಾಕ ಕಾಕಾ? ಒಂದ್ ಕಾಲ್ ಹೋಗ್ಯಾದಂತನಾ? ಫಾದರ್ ತೊಳಿಯೋದೂ ಒಂದೇ ಕಾಲಲ್ಲೇನು?"

"ಕಾಲಿಂದಲ್ಲಪಾ."

"ಮತ್ತೇನು?"

"ಆ ದಿನ ಖಣ್ಯಾಗ ಕುಡದಿದ್ದನಂತ ಮಂದಿ ಅಂತಾರ. ವಿಚಾರಣಿಗಿ ಬಂದ ಸಾಹೇಬನ ಮುಂದ ಸಾಕ್ಷಿನೂ ಆಗ್ಯಾದಂತ. ಅಂಥವರ್ನ ಹನ್ನೆರಡು ಮಂದ್ಯಾಗ ಕುಂದ್ರಿಸಿದ್ರ ನಾಳಿ..."

"ಸಾಬಣ್ಣ," ಜೋಜಪ್ಪ ತಣ್ಣಗೆ ಅಂದ, "ಗರಿ ಮುರೀತಾವ. ಜ್ವಾಕಿ ಒಯ್ಯಿ."

ಸಾಬಣ್ಣ ಎದ್ದ. ಹೋಗುವ ಮುಂಚೆ ಒಳ್ಳೆಯ ಮಾತೊಂದನ್ನು ಹೇಳಿ ಹೋಗಬೇಕೆನಿಸಿತೇನೋ. "ಹೊರಗಿನವರಿಗೇನ್ ಕೊಟ್ಟಿಲ್ಲ. ನಿಮ್ಮ ಮನಿ ಕುರ್ಚಿ ನಿಮ್ಮ ಮನ್ಯಾಗೇ ಇರ್ಲಿ ಅಂತ ಸಬಸ್ತಿ ಹೆಸರು ಹಿಡದಾರ. ಖಣ್ಯಾಗ ಆಳುಗಳ ಮ್ಯಾಲ ಮುಕದ್ದಮ ಆಗ್ಯಾನ, ನಡತಿ ಛಲೋ ಅದ."

ಒಳಗೆ ಊಟಕ್ಕೆ ಕೂತಿದ್ದ ಹಿರಿಮಗ ಸಬಸ್ತಿ ಮುರಿದ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಅದ್ದಿ ಹಾಗೇ ಹಿಡಿದುಕೊಂಡ. ಬಾಯಿಗೆ ಇಡಲಿಲ್ಲ.

ಯೇಸುಸ್ವಾಮಿ ಸಾಯುವ ಹಿಂದಿನ ದಿನ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಪವಿತ್ರ ಗುರುವಾರದ ಸಂಜೆ ಫಾದರ್ ಊರಿನ ಹನ್ನೆರಡು ಗಂಡಸರನ್ನು ಪೀಠದ ಮುಂದೆ ಕೂರಿಸಿ ಅವರ ಬಲಗಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಅಂದು ಮಧ್ಯಾಹ್ನ ಆ ಹನ್ನೆರಡು ಮನೆಗಳ ಬಚ್ಚಲಿನಲ್ಲಿ ಬೇರೆಯದೇ ಪೂಜೆ ನಡೆಯುತ್ತದೆ. ಫಾದರ್ ಕೈಗೆ ಹೊಲಸು ಕಾಲು ಕೊಡುವುದು ಹೇಗೆ ಎಂದು ಗಂಡಸರು ಕಾಲು ತಿಕ್ಕುತ್ತ ಕೂರುತ್ತಾರೆ. ತೊಳೆದ ಕಾಲನ್ನೇ ಫಾದರ್ ಮತ್ತೆ ತೊಳೆಯುತ್ತಾರೆ. ಜೋಜಪ್ಪನಿಗೆ ಒಂದು ಒರಟು ಫರ್ಸಿ ಕಲ್ಲಿನ ತುಂಡು ಇತ್ತು. ಅದರಿಂದ ಅವನು ತಾಸುಗಟ್ಟಲೆ ಹಿಮ್ಮಡಿ ತಿಕ್ಕಿದರೂ ಬಿರುಕುಗಳಲ್ಲಿ ಕೂತ ಕಲ್ಲಿನ ಬಿಳಿ ಹೋಗುತ್ತಿರಲಿಲ್ಲ. "ಇರ್ಲಿ ಬಿಡು, ಸ್ವಾಮಿಗಿ ಸ್ವಲ್ಪ ಕೆಲಸ ಉಳೀಲಿ" ಎಂದು ತೆರೇಸಮ್ಮ ನಗುತ್ತಿದ್ದಳು. ಇನ್ನಾಸನಿಗೆ ಬುದ್ಧಿ ಬಂದಾಗಿನಿಂದ ಅಪ್ಪನದು ಕೊನೆಯಿಂದ ಎರಡನೆಯ ಕುರ್ಚಿ. ಆ ಕುರ್ಚಿಗಳ ಕೆಳಗಿನ ನೆಲಕ್ಕೆ ಫರ್ಸಿ ಹಾಸಿದವನೂ ಅಪ್ಪನೇ, ಒಂದು ರೂಪಾಯಿ ಕೂಲಿ ಇಲ್ಲದೆ.

ದೀಪಾವಳಿಯ ಆಚೀಚೆ ಖಣಿಯಲ್ಲಿ ನಿಲ್ಲಿಸಿದ್ದ ಫರ್ಸಿ ಕಲ್ಲುಗಳ ಸಾಲು ಜಾರಿ ಜೋಜಪ್ಪನ ಪಾದದ ಮೇಲೆ ಕೂತಿತ್ತು. ಸಾಲಿಗೆ ಕಟ್ಟಿಗೆಯ ಆಸರೆ ಕೊಡಲು ಪುರಸತ್ತಿಲ್ಲ, ಲಾರಿ ಕಾದಿದೆ ಎಂದು ಅವಸರ ಮಾಡಿದವನು ಮಾಲಕ. ಆದರೆ ಖಣಿಯಿಂದ ಊರಿಗೆ ಬಂದ ಮಾತು ಬೇರೆ: ಜೋಜಪ್ಪ ಕುಡಿದಿದ್ದ. ಈಸ್ಟರಿಗೂ ಕ್ರಿಸ್‌ಮಸ್ಸಿಗೂ ಒಂದು ಹನಿ ಮುಟ್ಟದ ಮನುಷ್ಯ. ಲಾರಿ ತುಂಬುವ ಭೀಮಶ್ಯಾ ಹೋಟೆಲಿನಲ್ಲಿ "ಕುಡುಕನ ಮಗ" ಅಂದಾಗ ಇನ್ನಾಸ ಅವನ ಹಲ್ಲು ಉದುರಿಸಿ, ಆ ಖಣಿಯ ಕೆಲಸ ಕಳೆದುಕೊಂಡಿದ್ದ. ಒಂಬತ್ತನೆಯ ಈಯತ್ತೆಗೇ ಸಾಲಿ ಬಿಟ್ಟವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಈಗ ಶಹಾಬಾದ ರಸ್ತೆಯ ಕಲ್ಲು ಪಾಲಿಶ್ ಮಾಡುವ ಮಶೀನಿನಲ್ಲಿ ದಿನವಿಡೀ ಬಿಳಿ ರಾಡಿಯಲ್ಲಿ ನಿಲ್ಲುತ್ತಿದ್ದ.

"ಅಪ್ಪಾ, ಆ ಸಾಕ್ಷಿ ಹೇಳಿದ ಸೂಳೀಮಗ ಯಾರಂತ ನಾ ಹಿಡೀತೀನಿ," ಸಾಬಣ್ಣ ಹೋದ ಮೇಲೆ ಇನ್ನಾಸ ಅಂದ. "ಗುರುವಾರದೊಳಗ ಕಮಿಟಿ ಮುಂದ ತಂದು ನಿಲ್ಲಿಸ್ತೀನಿ. ಆ ಕುರ್ಚಿ ಮ್ಯಾಲ ನೀನೇ ಕುಂದ್ರಬೇಕು."

"ತಪಸ್ಸುಕಾಲ ಬಂತು. ಬಾಯಿ ತೊಳಕೊ," ಅಂದ ಅಪ್ಪ.

ಸಬಸ್ತಿ ತಾಟು ಸರಿಸಿ ಎದ್ದ.

* * *

ಈ ವರ್ಷ ರಮಜಾನ್ ಮತ್ತು ತಪಸ್ಸುಕಾಲ ಕೂಡಿಯೇ ಬಂದಿದ್ದವು. ಒಂದು ಓಣಿಯಲ್ಲಿ ಹಣೆಗೆ ಬೂದಿ, ಪಕ್ಕದ ಓಣಿಯಲ್ಲಿ ನಸುಕಿಗೇ ಸಹರಿಯ ಊಟಕ್ಕೆ ಎಬ್ಬಿಸುವ ಕೂಗು. ಇನ್ನಾಸ ಮಾಂಸ ಬಿಟ್ಟಿದ್ದ, ಗುಟ್ಕಾ ಬಿಟ್ಟಿದ್ದ. ಸಿಟ್ಟೊಂದನ್ನು ಬಿಟ್ಟಿರಲಿಲ್ಲ.

ಹಳೆಯ ಖಣಿಯಲ್ಲಿ ಅಪ್ಪನ ಜೋಡಿ ಕಲ್ಲು ಎತ್ತುತ್ತಿದ್ದ ಮುಕ್ರಮನನ್ನು ಅವನು ಒಂದು ಸಂಜೆ ಮಸೀದಿ ಮಗ್ಗುಲಿನ ಬಂಡಿಯ ಹತ್ತಿರ ಹಿಡಿದ. ರೋಜಾದ ಉಪವಾಸ ಬಿಡುವ ಹೊತ್ತು. ಮುಕ್ರಮ ತನ್ನ ಖಜೂರದಲ್ಲಿ ಒಂದನ್ನು ಅವನ ಕೈಗೆ ಹಾಕಿದ.

"ಮುಕ್ರಮಭಾಯ್, ಆ ದಿನ ನೀ ಅಲ್ಲೇ ಇದ್ದಿ. ಸಾಹೇಬನ ಮುಂದ ಹೇಳ್ದಾಂವ ಯಾರು?"

"ಛೋಡ್ ನಾ ಭಾಯ್."

"ನೀನೇ ಏನು?"

"ನನಗ ಕೇಳಿದ್ರು. ನಾ ನೋಡೇ ಇಲ್ಲ ಅಂದೆ. ಹೆದರಿದೆ, ಅದು ನನ್ನ ಗುನ್ಹಾ. ಆದ್ರ ಕುಡದಿದ್ದ ಅಂತ ನಾ ಅಂದಿಲ್ಲ."

"ಅಂದಾಂವ ಯಾರು ಮತ್ತ?"

ಮುಕ್ರಮ ಖಜೂರದ ಬೀಜವನ್ನು ಅಂಗೈಗೆ ಉಗುಳಿ ಅದನ್ನೇ ನೋಡಿದ. "ರೋಜಾ ತಿಂಗಳ ಅದ. ನನ್ನ ಕಡಿಂದ ಸುಳ್ಳ ಹೇಳಿಸಬ್ಯಾಡ, ಖರೇನೂ ಹೇಳಿಸಬ್ಯಾಡ."

"ಹೇಳು."

"ನಿಮ್ಮಣ್ಣ."

ಇನ್ನಾಸ ಕೈಯಲ್ಲಿದ್ದ ಖಜೂರವನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಮನೆ ಮುಟ್ಟುವ ತನಕ ಅದು ಮುಷ್ಟಿಯಲ್ಲಿ ಅಂಟಿಕೊಂಡೇ ಇತ್ತು.

ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಸಬಸ್ತಿಯ ಹೆಂಡತಿ, ವೈನಿ ಲೂರ್ದಮ್ಮ ಬ್ಯಾಳಿ ಬಡಿಸುತ್ತಿದ್ದಳು.

"ಅಣ್ಣ, ಸಾಹೇಬನ ಮುಂದ ಅಪ್ಪ ಕುಡದಿದ್ದ ಅಂತ ಹೇಳ್ದಾಂವ ನೀನೇನು?"

ಸಬಸ್ತಿ ಒಮ್ಮೆ ಅಪ್ಪನ ಕಡೆ ನೋಡಿದ. ಅಪ್ಪ ತಾಟಿನೊಳಗಿನ ಹಸಿಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟ.

"ಹೌದು," ಅಂದ ಸಬಸ್ತಿ.

"ಯಾಕ?"

"ಹೌದಂದೀನಲ್ಲ. ಯಾಕ ಅಂತ ಕೇಳಬ್ಯಾಡ."

"ಮುಕದ್ದಮಗಿರಿಗೇನು? ಅಪ್ಪನ ಕಾಲ ಮ್ಯಾಲ ಕಲ್ಲು ಬಿತ್ತು, ನಿನ್ನ ಮ್ಯಾಲ ನೌಕರಿ ಬಿತ್ತು. ಈಗ ಅಪ್ಪನ ಕುರ್ಚಿನೂ ನಿನಗೇ. ಯೂದಾಸ ಬೆಳ್ಳಿ ನಾಣ್ಯ ತಗೊಂಡು ಕಡೀಕ ಉರ್ಲರೆ ಹಾಕ್ಕೊಂಡ. ನೀ ನೋಡಿದ್ರ ಬ್ಯಾಳಿ ಸುರೀಲಿಕತ್ತಿ."

"ನಾಲಿಗಿ ಬಿಗಿ ಹಿಡಿ ಇನ್ನಾಸ," ವೈನಿ ಸೌಟನ್ನು ಪಾತ್ರೆಗೆ ಬಡಿದಳು. "ನೀ ಹಲ್ಲು ಮುರದು ಮನ್ಯಾಗ ಕುಂತಾಗ ಈ ಮನಿ ಒಲಿ ಯಾರ ಪಗಾರದ ಮ್ಯಾಲ ಹತ್ತಿತ್ತು? ಉಂಡ ಮನಿ ಜಂತಿ ಎಣಸ್ತಿ."

"ಸರಿ. ಇನ್ನ ಮ್ಯಾಲ ಎಣಸಂಗಿಲ್ಲ. ಉಣ್ಣಂಗೂ ಇಲ್ಲ."

ಮರುದಿನ ಅವನು ತನ್ನ ಕೂಲಿಯಿಂದ ಬೇರೆ ಜೋಳ ತಂದು ಬೀಸಿಸಿ, ಬೇರೆ ಡಬ್ಬಿಯಲ್ಲಿ ತುಂಬಿಟ್ಟ. "ಯವ್ವಾ, ನನ್ನ ರೊಟ್ಟಿ ಇದರಾಗಿಂದೇ ಬಡಿ." ತೆರೇಸಮ್ಮ ಎರಡು ಡಬ್ಬಿಗಳನ್ನು ನೋಡಿದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಎರಡು ಡಬ್ಬಿ ತೆರೆಯುತ್ತ, ಅಳುವುದಕ್ಕೆ ಪುರಸತ್ತಿಲ್ಲದೆ ದಿನ ದೂಡಿದಳು. ಅವನು ತಾಟು ತೆಗೆದುಕೊಂಡು ಹೊರಗೆ, ರೈಲು ಹಳಿಯ ಕಡೆ ಮುಖಮಾಡಿ ಉಣ್ಣುತ್ತಿದ್ದ. ಸಿಮೆಂಟಿನ ಗೂಡ್ಸು ಹೋಗುವಾಗ ತಂಬಿಗೆಯ ನೀರು ನಡುಗುತ್ತಿತ್ತು.

ಜಪಸರಕ್ಕೆ ಮಾತ್ರ ಒಳಗೆ ಬರಲೇಬೇಕು. ದಿನವೂ ದೀಪ ಹಚ್ಚುವ ಹೊತ್ತಿಗೆ, ಅಪ್ಪನೇ ನುಣುಪು ಮಾಡಿ ಗೋಡೆಗೆ ಕೂರಿಸಿದ ಫರ್ಸಿ ಹಲಗೆಯ ಮೇಲೆ ಮಾತೆಯ ಮುಂದೆ ಮೊಂಬತ್ತಿ ಹತ್ತಬೇಕು, ಮನೆಯವರೆಲ್ಲ ಮೊಣಕಾಲೂರಬೇಕು. ಅದು ಅಪ್ಪನ ಕಾಯಿದೆ. ಜಗಳ ಎಷ್ಟೇ ಇರಲಿ, ಮಣಿ ನಿಲ್ಲಬಾರದು. ಎಡಗಾಲು ಮಡಚಿ, ಬಲಗೈಯನ್ನು ಗೋಡೆಗೆ ಊರಿ, ಅಪ್ಪನೂ ಹೇಗೋ ಮೊಣಕಾಲೂರುತ್ತಿದ್ದ. ಮೊಂಬತ್ತಿಯ ಬೆಳಕು ಆ ಕರಿಗಲ್ಲಿನಲ್ಲಿ ನೀರಿನ ಹಾಗೆ ನಿಲ್ಲುತ್ತಿತ್ತು. ಸಣ್ಣಂದಿನಿಂದ ಇನ್ನಾಸನಿಗೆ ದೇವರೆಂದರೆ ಆ ಬೆಳಕು, ಅವ್ವನ ಕೈಯ ಹಿಟ್ಟಿನ ವಾಸನೆ, ಅಪ್ಪನ ಒಡಕು ದನಿ. ಅದನ್ನು ಬಿಟ್ಟು ಬೇರೆ ದೇವರು ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ ಅವನಿಗೆ ಅಷ್ಟು ಉರಿಯುತ್ತಿತ್ತು. ಆ ಬೆಳಕಿನಲ್ಲೇ, ಪಕ್ಕದಲ್ಲೇ ಮೊಣಕಾಲೂರಿ ಅಣ್ಣ ಇಷ್ಟು ತಿಂಗಳು ಮಣಿ ಎಣಿಸಿದ್ದ.

ಪರಲೋಕ ಮಂತ್ರದಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು ಎನ್ನುವ ಸಾಲು ಬಂದಾಗ ಇನ್ನಾಸ ಬಾಯಿ ಮುಚ್ಚುತ್ತಿದ್ದ. ಉಳಿದ ನಾಲ್ಕು ದನಿ ಅದನ್ನು ದಾಟಿ ಹೋಗುತ್ತಿದ್ದವು. ಮುಂದಿನ ಸಾಲಿಗೆ ಅವನು ಸೇರುತ್ತಿದ್ದ.

"ಆ ಸಾಲಿಗೆ ಬಂದ ಕೂಡ್ಲೆ ಬಾಯಾಗ ನೀರು ತುಂಬ್ಕೊತೀಯೇನೋ?" ಅವ್ವ ಒಮ್ಮೆ ಕೇಳಿದಳು.

"ದೇವರ ಮುಂದ ಸುಳ್ಳ ಹೇಳೋದು ನನ್ನ ಕೆಲಸಲ್ಲ. ಅದಕ್ಕ ಮನ್ಯಾಗ ಬ್ಯಾರೆಯವರಿದ್ದಾರ."

* * *

ಗರಿಗಳ ಭಾನುವಾರ ಬಂತು. ಜೋಜಪ್ಪ ಅಂಗಳದಲ್ಲಿ ಕೂತು ಹೊಸ ಹಸಿರು ಗರಿ ಸೀಳಿ ಸಣ್ಣ ಶಿಲುಬೆ ಹೆಣೆಯುತ್ತಿದ್ದ. ಕಲ್ಲು ಎತ್ತಿ ಎತ್ತಿ ದಪ್ಪಾದ ಆ ಬೆರಳುಗಳಲ್ಲಿ ಗರಿ ನೂಲಿನಂತೆ ಮಡಚಿಕೊಳ್ಳುತ್ತಿತ್ತು. ಇನ್ನಾಸ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಅಪ್ಪಾ, ಇವತ್ತು ಕಮಿಟಿಯವರು ಕುಂದ್ರತಾರ. ನಾ ನಿನ್ನ ಹೊತ್ತು ಒಯ್ತೀನಿ. ನಾ ಕುಡದಿದ್ದಿಲ್ಲ ಅಂತ ನಿನ್ನ ಬಾಯಿಲೆ ಒಂದ್ ಮಾತು ಹೇಳು. ಸಾಕ್ಷಿ ಹೇಳ್ದಾಂವ ಯಾರಂತ ನಾ ಹೇಳ್ತೀನಿ."

ಜೋಜಪ್ಪ ಶಿಲುಬೆಯ ತುದಿ ಸಿಕ್ಕಿಸಿ ಮುಗಿಸಿದ. "ಅವಗೇನ್ ಅಂತಿ? ಹೇಳು ಅಂದಾಂವ ನಾನೇ."

"ಏನ್ ಹೇಳು ಅಂದಿ?"

"ಅಪ್ಪ ಕುಡದಿದ್ದ ಅಂತ ಹೇಳು, ಅಂದೆ. ಮಾಲಕ ದವಾಖಾನಿಗಿ ಬಂದಿದ್ದ. ಕೇಸಾದ್ರ ಖಣಿ ಬಂದ್, ನೀವೂ ಜಾಗಾ ಖಾಲಿ ಮಾಡ್ರಿ ಅಂದ. ಮನಿ ಇರೋದು ಅವನ ಜಾಗಾದಾಗ. ಕುಡದಿದ್ದ ಅಂತಾದ್ರ ಜಾಗಾನೂ ನಿಂದೇ, ಮಗಗ ಮುಕದ್ದಮಗಿರಿನೂ ಕೊಡ್ತೀನಿ ಅಂದ. ಸಬಸ್ತಿ ಒಲ್ಲೆ ಅಂದ. ಕಾಲು ಹಿಡದು ಅತ್ತ. ನಾನೇ ನನ್ನ ಆಣಿ ಹಾಕ್ದೆ."

ಇನ್ನಾಸನ ಕಿವಿಯಲ್ಲಿ ಪಾಲಿಶ್ ಮಶೀನು ಶುರುವಾದಂತಾಯಿತು.

"ನಿನ್ನ ಹೆಸರಿಗಾಗಿ ನಾ ಭೀಮಶ್ಯಾನ ಹಲ್ಲು ಮುರದೀನಿ."

"ಗೊತ್ತದ."

"ಠಾಣ್ಯಾಗ ಕುಂತೀನಿ. ಹೊಡಸ್ಕೊಂಡೀನಿ. ಮನಿಗಿ ಬಂದಾಗ ನೀನೇ ಬೆನ್ನಿಗಿ ಎಣ್ಣಿ ಹಚ್ಚಿದಿ. ಆವಾಗರೆ ಹೇಳಬೇಕಿತ್ತಲ್ಲ."

"ನಿನಗ ಹೇಳಿದ್ರ ಊರಿಗೆಲ್ಲ ಹೇಳಿದಂಗ. ನಿನ್ನ ಬಾಯಿ ನಿನ್ನ ಕೈಯ್ಯಾಗ ಇಲ್ಲ."

"ಅವ್ವಗ ಗೊತ್ತಿತ್ತೇನು?"

ಒಲೆಯ ಮುಂದಿದ್ದ ತೆರೇಸಮ್ಮನ ರೊಟ್ಟಿ ಬಡಿಯುವ ಸದ್ದು ನಿಂತಿತು.

"ವೈನಿಗಿ?"

ಜೋಜಪ್ಪ ಇನ್ನೊಂದು ಗರಿ ಸೀಳಿದ. ಇನ್ನಾಸ ಒಳಗೆ ಹೋದ. ಒಲೆಯ ಮಗ್ಗುಲಿಗೆ ಎರಡೂ ಡಬ್ಬಿಗಳ ಮುಚ್ಚಳ ತೆರೆದಿದ್ದವು. ನಡುವೆ ಪರಾತ ಒಂದೇ, ನಾದಿದ ಹಿಟ್ಟೂ ಒಂದೇ ಮುದ್ದೆ.

"ಇದ್ಯಾವಾಗಿಂದ ಯವ್ವಾ?"

"ಮೊದಲಿಂದ," ಅವ್ವ ತಲೆ ಎತ್ತಲಿಲ್ಲ. "ಎರಡೆರಡು ಹಿಟ್ಟು ನಾದ್ಲಿಕ್ಕ ನನ್ನ ಕೈಲೆ ಆಗಂಗಿಲ್ಲ ತಮ್ಮಾ. ಹೆತ್ತಾಕಿ ನಾನು."

ಅವನು ನಕ್ಕುಬಿಟ್ಟ. ನಗು ಅಲ್ಲ ಅದು. ರೊಟ್ಟಿ ಒಂದು ಸುಳ್ಳು, ಜಪ ಒಂದು ಸುಳ್ಳು, ಬೆನ್ನಿಗೆ ಹಚ್ಚಿದ ಎಣ್ಣೆಯೂ ಒಂದು ಸುಳ್ಳು. ನಾಲ್ಕು ಗೋಡೆಯ ಒಳಗೆ ನಾಲ್ಕೂ ಮಂದಿಗೆ ಗೊತ್ತು. ಅಣ್ಣ ಅಪ್ಪನನ್ನು ಮಾರಿದ ಎಂದು ಅವನು ಇಷ್ಟು ದಿನ ಕುದಿದಿದ್ದ. ಈಗ ನೋಡಿದರೆ ಅಪ್ಪ ತನ್ನನ್ನು ತಾನೇ ಮಾರಿಕೊಂಡಿದ್ದ, ಮನೆಯೆಲ್ಲ ಕೂತು ವ್ಯವಹಾರ ಮುಗಿಸಿತ್ತು. ಹೊರಗೆ ನಿಂತು ಹಲ್ಲು ಮುರಿಯಲು ಒಬ್ಬ ಹುಚ್ಚ ಬೇಕಿತ್ತು, ಅವನೊಬ್ಬನೇ.

"ಖರೆ ಹೇಳ್ಬೇಕಂದ್ರ," ಬಾಗಿಲಲ್ಲಿ ನಿಂತಿದ್ದ ಸಬಸ್ತಿ ಮೆಲ್ಲಗೆ ಅಂದ, "ನೀ ಭೀಮಶ್ಯಾಗ ಹೊಡದಾಗ ನನಗ ಸಮಾಧಾನ ಆಗಿತ್ತು. ಮನ್ಯಾಗ ಒಬ್ಬರೆ ಹೊಡದ್ರಲ್ಲ ಅಂತ."

"ನಿನ್ನ ಸಮಾಧಾನಕ್ಕ ಬೆಂಕಿ ಹಚ್ಚ," ಅಂದ ಇನ್ನಾಸ.

* * *

ಗುರುವಾರ ಮಧ್ಯಾಹ್ನ ಊಟಕ್ಕೆಂದು ಬಂದಾಗ ಬಚ್ಚಲಿನಿಂದ ಕಲ್ಲು ತಿಕ್ಕುವ ಸದ್ದು ಕೇಳಿಸಿತು. ಇನ್ನಾಸ ಇಣುಕಿದ. ಅಪ್ಪ ಬಕೆಟ್ಟು ಬೋರಲು ಹಾಕಿಕೊಂಡು ಕೂತು, ಉಳಿದ ಒಂದೇ ಕಾಲನ್ನು ಆ ಫರ್ಸಿ ತುಂಡಿನಿಂದ ತಿಕ್ಕುತ್ತಿದ್ದ. ಅವ್ವ ತಂಬಿಗೆಯಿಂದ ನೀರು ಬಿಡುತ್ತಿದ್ದಳು. ಕುರ್ಚಿ ಇಲ್ಲ, ಏನಿಲ್ಲ. ಆದರೂ ಬೆರಳ ಸಂದಿ ಬಿಡದೆ ತಿಕ್ಕುತ್ತಿದ್ದ. ಈಗ ಖಣಿಗೆ ಹೋಗದ ಆ ಹಿಮ್ಮಡಿಯಲ್ಲಿ ಬಿಳಿ ಬಿರುಕುಗಳು ಇರಲಿಲ್ಲ. ಅದು ಹಸುಗೂಸಿನ ಕಾಲಿನಂತೆ ಆಗಿತ್ತು.

"ಯಾರಿಗಿ ತೋರ್ಸಲಿಕ್ಕ?" ಅಂದ ಇನ್ನಾಸ.

"ಗುರುವಾರ ಅದ," ಅಂದ ಅಪ್ಪ.

ಇನ್ನಾಸ ಉಣ್ಣದೆ ಕೆಲಸಕ್ಕೆ ತಿರುಗಿ ಹೋದ. ಚರ್ಚಿಗೆ ಹೋಗುವುದೇ ಬೇಡ ಎಂದುಕೊಂಡಿದ್ದ. ಆದರೆ ಗಂಟೆ ಬಾರಿಸಿದಾಗ ಕಾಲು ತಾನೇ ಅತ್ತ ನಡೆಯಿತು. ಮಶೀನಿನ ರಾಡಿ ಮೊಣಕಾಲ ತನಕ ಒಣಗಿ ಬೆಳ್ಳಗಾಗಿತ್ತು. ಅವನು ಚಪ್ಪಲಿ ಹೊರಗೆ ಬಿಟ್ಟು, ಹಿಂದಿನ ಕಂಬಕ್ಕೆ ಆತು ನಿಂತ. ಪಕ್ಕದ ಬೆಂಚಿನಲ್ಲಿ ಅಪ್ಪ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ.

ಪೀಠದ ಮುಂದೆ ಹನ್ನೆರಡು ಕುರ್ಚಿ. ಕೊನೆಯಿಂದ ಎರಡನೆಯದರಲ್ಲಿ ಸಬಸ್ತಿ, ತಲೆ ತಗ್ಗಿಸಿ. ಕೊನೆಯದು ಖಾಲಿ. ಅದರಲ್ಲಿ ಕೂರಬೇಕಿದ್ದ ರೈಲ್ವೆಯವನ ಗೂಡ್ಸು ಚಿತ್ತಾಪುರದಲ್ಲೇ ನಿಂತಿದೆ ಎಂದು ಯಾರೋ ಪಿಸುಗುಟ್ಟಿದರು. ಫಾದರ್ ಮೇಲಂಗಿ ತೆಗೆದು ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿಕೊಂಡರು. ಸಾಬಣ್ಣ ಗಾಬರಿಯಿಂದ ಅತ್ತಿತ್ತ ನೋಡಿ, ಹಿಂದಕ್ಕೆ ಓಡಿ ಬಂದು ಇನ್ನಾಸನ ರಟ್ಟೆ ಹಿಡಿದ.

"ಬಾ ತಮ್ಮಾ, ಹನ್ನೊಂದೇ ಮಂದಿ ಆಗ್ಯಾರ. ಜಲ್ದಿ ಕುಂದ್ರು."

ಇನ್ನಾಸ ಆ ಖಾಲಿ ಕುರ್ಚಿ ನೋಡಿದ. ಅಣ್ಣನ ಮಗ್ಗುಲಿಗೆ. ಕಾಲು ಚಾಚಿದರೆ ಮುಗಿಯಿತು. ಅವನು ಬಾಗಿ ಅಪ್ಪನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ.

"ಏಯ್, ಕಮಿಟಿಯವರು..." ಸಾಬಣ್ಣ ತಡೆದ.

"ಅಪ್ಪಂದು ಕಾಲು ತೊಳದದ ಕಾಕಾ. ನಂದು ನೋಡು, ಹೊಲಸದ."

ಹಾಡು ನಿಂತಿತು. ಊರುಗೋಲು ಫರ್ಸಿಗೆ ಬಡಿಯುವ ಸದ್ದೊಂದೇ ಚರ್ಚಿನ ಉದ್ದಕ್ಕೂ ನಡೆಯಿತು. ಅಪ್ಪನನ್ನು ಕುರ್ಚಿಗೆ ಇಳಿಸಿ, ಊರುಗೋಲು ಹಿಡಿದು ಇನ್ನಾಸ ಹಿಂದೆ ನಿಂತ. ಬದಿಯ ಕುರ್ಚಿಯಲ್ಲಿ ಸಬಸ್ತಿ ತಲೆ ಎತ್ತಲಿಲ್ಲ. ಅವನ ಕಾಲಿನ ಮೇಲೆ ನೀರು ಬಿದ್ದಾಗ ಬೆರಳುಗಳು ಒಳಕ್ಕೆ ಮುದುಡಿದವು. ಫಾದರ್ ಅದನ್ನು ಒರೆಸಿ, ಮುತ್ತಿಟ್ಟು, ಮುಂದೆ ಸರಿದರು.

ಅಪ್ಪನ ಬಲಗಾಲು ಇಲ್ಲ. ಫಾದರ್ ಒಂದು ಗಳಿಗೆ ತಡೆದು ಎಡಗಾಲಿಗೆ ಕೈ ಚಾಚಿದರು. ಕಮಿಟಿಯವರು ಮೊದಲ ಸಾಲಿನಲ್ಲೇ ಇದ್ದರು. ಇದಕ್ಕಿಂತ ಬೇರೆ ಹೊತ್ತು ಸಿಗುವುದಿಲ್ಲ. ಈಗ ಹೇಳು, ಎಂದು ಇನ್ನಾಸ ಊರುಗೋಲನ್ನು ಹಿಂಡಿದ. ನಾ ಕುಡಿದಿರಲಿಲ್ಲ ಅನ್ನು. ಇಷ್ಟೇ ಅನ್ನು ಅಪ್ಪಾ, ನಾನು ಎಲ್ಲ ಬಿಟ್ಟುಕೊಡುತ್ತೇನೆ.

ಜೋಜಪ್ಪ ಬಾಯಿ ತೆರೆದ. ಕಮಿಟಿಯವರ ಕಡೆ ನೋಡಿದ. ಪಕ್ಕದಲ್ಲಿ ಮುದುಡಿ ಕೂತ ಹಿರಿಮಗನ ಕಡೆ ನೋಡಿದ. "ನೀರು ತಂಪದಾವ್ರಿ ಸ್ವಾಮಿ," ಅಂದ.

ಫಾದರ್ ನಕ್ಕು, ಆ ತೊಳೆದ ಕಾಲನ್ನು ಮತ್ತೆ ತೊಳೆದರು. ಪೀಠದ ದೀಪಗಳು ಒದ್ದೆ ಫರ್ಸಿಯಲ್ಲಿ ನಿಂತಿದ್ದವು. ಅಷ್ಟು ಚೆಂದದ ಬೆಳಕನ್ನು ಇನ್ನಾಸ ಯಾವತ್ತೂ ಕಂಡಿರಲಿಲ್ಲ.

ಮನೆಗೆ ಬಂದು ಅವನು ಹೊಸ್ತಿಲ ಆಚೆಗೇ ಕೂತ. ಅವ್ವ ತಾಟು ತಂದಿಟ್ಟಳು.

"ಯಾವ ಡಬ್ಬಿದು?"

"ತಿನ್ನು."

ಬೆಳಗಿನಿಂದ ಹಸಿದಿದ್ದ. ತಿಂದ. ಒಳಗೆ ಮೊಂಬತ್ತಿ ಹತ್ತಿತು. ಅಪ್ಪನ ಒಡಕು ದನಿ ಪರಲೋಕ ಮಂತ್ರ ಎತ್ತಿತು. ಅವ್ವನ ದನಿ, ಅಣ್ಣನದು, ವೈನಿಯದು ಅದರ ಹಿಂದೆ ಬಂದವು. ಇನ್ನಾಸನೂ ಕೂತಲ್ಲಿಂದಲೇ ಸೇರಿದ. ದಿನದ ರೊಟ್ಟಿಯನ್ನು ಕೇಳುವ ಮಾತಾಯಿತು. ಆ ಸಾಲು ಬಂತು. ಅವನು ಎಂದಿನಂತೆ ಬಾಯಿ ಮುಚ್ಚಿದ.

ಒಳಗಿನ ದನಿಗಳೂ ನಿಂತವು.

ಅವನು ತಿರುಗಿ ನೋಡಿದ. ನಾಲ್ಕು ಬೆನ್ನುಗಳು, ನಡುವೆ ಮೊಂಬತ್ತಿ. ಅವನು ಹೇಳಲಿ ಎಂದು ಅವರು ಕಾಯುತ್ತಿದ್ದರು. ಹಳಿಯ ಮೇಲೆ ಒಂದು ಗೂಡ್ಸು ಬಂದು, ಮನೆಯ ಪಾತ್ರೆಗಳನ್ನೆಲ್ಲ ನಡುಗಿಸಿ, ಪೂರ್ತಿ ಹೋಯಿತು. ಅಷ್ಟು ಹೊತ್ತೂ ಕಾದರು.

ಅವನು ಹೇಳಲಿಲ್ಲ. ಅವರಲ್ಲೂ ಯಾರಿಗೂ ಹೇಳುವ ಧೈರ್ಯ ಬರಲಿಲ್ಲ.

ಕಡೆಗೆ ಅಪ್ಪ ಒಮ್ಮೆ ಕೆಮ್ಮಿ, ಆ ಸಾಲನ್ನು ಬಿಟ್ಟು, ಮುಂದಿನದಕ್ಕೆ ಹೋದ.